ಮಗನಿಗೂ ಅಜ್ಜನಿಗೂ ಗುಂಪು ಚಿಕಿತ್ಸೆ ಆಗುತ್ತದೆಯೇ?

ಉಡುಪಿಯಲ್ಲಿದ್ದೇವೆ, ಸಿಟ್ಟು ತಡೆಯಲಾಗದ 9 ವರ್ಷದ ಮಗನಿಗೂ ಅಜ್ಜಿ ಹೋದಮೇಲೆ ಮಾತೇ ಬಿಟ್ಟ ಅಜ್ಜನಿಗೂ ಗುಂಪು ಚಿಕಿತ್ಸೆ ಕೊಡಿಸಬಹುದೇ ಎಂದು ಕೇಳಿದ್ದೀರಿ. ಗುಂಪು ಚಿಕಿತ್ಸೆ ಎಂದರೆ ಒಂದೇ ಬಗೆಯ ಕಷ್ಟ ಇರುವ ಕೆಲವರು ಚಿಕಿತ್ಸಕರ ಜೊತೆ ಒಟ್ಟಿಗೆ ಕೂರುವುದು. ಖಂಡಿತ ಕೊಡಿಸಬಹುದು, ಆದರೆ ಒಂದೇ ಗುಂಪಿನಲ್ಲಲ್ಲ.

ಮಕ್ಕಳ ಗುಂಪಿನಲ್ಲಿ ಕಲಿಯುವುದು ಆಟದಿಂದ. ನಮ್ಮ ಚೆನ್ನೆಮಣೆಯನ್ನೇ ನೋಡಿ: ಎದುರಿನವರು ಕಾಯಿ ಹಂಚಿ ಮುಗಿಸುವ ತನಕ ಕಾಯಬೇಕು, ಸೋತರೆ ಮಣೆ ತಳ್ಳಬಾರದು. ತಡೆಯಲಾರದೆ ಕೈ ಮುಂದೆ ಹೋಯಿತೋ, ಆ ಕ್ಷಣದಲ್ಲೇ ಚಿಕಿತ್ಸಕರು "ಈಗ ಏನನ್ನಿಸ್ತು? ಒಮ್ಮೆ ಉಸಿರು ತಗೋ" ಎನ್ನುತ್ತಾರೆ. ಮನೆಯಲ್ಲಿ ನಾವು ಬುದ್ಧಿ ಹೇಳುವಷ್ಟರಲ್ಲಿ ಆ ಕ್ಷಣ ದಾಟಿರುತ್ತದೆ.

ಹಿರಿಯರಿಗೆ "ಇದು ನನಗೊಬ್ಬನಿಗೇ ಅಲ್ಲ" ಎಂಬ ಅರಿವೇ ದೊಡ್ಡ ಮದ್ದು. ಮನೋವೈದ್ಯ ಅರ್ವಿನ್ ಯಾಲಮ್ ಗುಂಪು ಗುಣಪಡಿಸುವ ಕಾರಣಗಳಲ್ಲಿ ಇದನ್ನೂ ಎಣಿಸಿದ್ದಾರೆ. 7–8 ಜನರಿದ್ದರೆ ಎಲ್ಲರಿಗೂ ಮಾತಿನ ಸರದಿ ಸಿಗುತ್ತದೆ.

ಎಲ್ಲಿಂದ ಶುರುಮಾಡಲಿ ಎಂದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.