ವಿಮಾನ ವಿನ್ಯಾಸಕ ವಿ.ಎಂ. ಘಾಟಗೆ ನಮ್ಮ ಬೆಳಗಾವಿ ಕಡೆಯವರಾ?

ಬೆಳಗಾವಿಯವರಲ್ಲ, ಆದರೆ ದೂರದವರೂ ಅಲ್ಲ. ನಮ್ಮ ಸಂಕೇಶ್ವರ ದಾಟಿದರೆ ಮಹಾರಾಷ್ಟ್ರದ ಗಡಹಿಂಗ್ಲಜ. ಅದರ ಹತ್ತಿರದ ಹಸೂರಚಂಪು ಅವರ ಊರು, ಹುಟ್ಟಿದ್ದು 1908ರಲ್ಲಿ. ಜರ್ಮನಿಯಲ್ಲಿ ಪಿಎಚ್‌.ಡಿ. ಮಾಡಿದರು. ಗುರು ಯಾರು ಗೊತ್ತಾ? ರೆಕ್ಕೆಯ ಮೇಲೆ ಗಾಳಿ ಹರಿಯುವ ಲೆಕ್ಕವನ್ನು ಜಗತ್ತಿಗೆ ಕಲಿಸಿದ ಪ್ರಾಂಟ್ಲ್! ಆಮೇಲೆ ಬೆಂಗಳೂರಿನಲ್ಲಿ ಪಾಠ, ಎಚ್‌ಎಎಲ್‌ ಕೆಲಸ.

ಹೆಸರು ತಂದದ್ದು ತರಬೇತಿ ವಿಮಾನ ಎಚ್‌ಟಿ-2. 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. ಹಿಂದೊಂದು ಮುಂದೊಂದು ಸೀಟು, ಮೂಗಿನಲ್ಲಿ ಒಂದೇ ಎಂಜಿನ್, ಬಾಲದಡಿ ಪುಟ್ಟ ಗಾಲಿ. ಹಾಗಾಗಿ ನೆಲದ ಮೇಲೆ ಮೂಗೆತ್ತಿಕೊಂಡೇ ನಿಲ್ಲುತ್ತದೆ. ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರೋದು ಕಲಿತಿದ್ದು ಇದರಲ್ಲೇ.

1964ರಲ್ಲಿ ಕಿರಣ್ ಜೆಟ್ ಹಾರಿತು, ಅದೂ ಅವರದೇ. ಮಾರುತ ಯುದ್ಧವಿಮಾನವನ್ನೂ ಕೆಲವರು ಸುಮ್ನೆ ಇವರ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ವಿನ್ಯಾಸ.