ಮನವಿಪತ್ರ ಸಾಲದು, ತಿದ್ದಿದ ವಾಕ್ಯ ಬೇಕು

ಓದುಗರೊಬ್ಬರು ಬರೆದಿದ್ದಾರೆ: “ಪ್ರತಿವರ್ಷ ತಯಾರಕರ ಸಂಘಕ್ಕೆ ಚಂದಾ ಕಟ್ಟುತ್ತೇವೆ. ಪದಾಧಿಕಾರಿಗಳು ಮಂತ್ರಿಗೆ ಮನವಿ ಕೊಟ್ಟ ಫೋಟೊ ಬಿಟ್ಟರೆ ನಮಗೆ ಸಿಕ್ಕಿದ್ದೇನು? ಕಡೇಪಕ್ಷ ಎಲ್ಲರೂ ಸೇರಿ ಒಂದು ಕನಿಷ್ಠ ದರವನ್ನಾದರೂ ಗೊತ್ತು ಮಾಡಬಾರದೆ?”

ಎರಡನೆಯದಕ್ಕೆ ಮೊದಲು ಉತ್ತರ: ಬೇಡವೇ ಬೇಡ. ದರ, ಉತ್ಪಾದನೆಯ ಮಿತಿ, ಗಿರಾಕಿಗಳ ಹಂಚಿಕೆ ಇವನ್ನು ಸಂಘದಲ್ಲಿ ಕೂತು ಗೊತ್ತು ಮಾಡಿಕೊಂಡರೆ ಬಹುತೇಕ ದೇಶಗಳಲ್ಲಿ ಅದು ಸ್ಪರ್ಧಾ ಕಾನೂನಿನ, ಅಂದರೆ ವ್ಯಾಪಾರದ ಪೈಪೋಟಿಯನ್ನು ಕಾಯುವ ಕಾನೂನಿನ ಉಲ್ಲಂಘನೆ. ಮಾತು ಆ ಕಡೆ ತಿರುಗಿದರೆ ಆಕ್ಷೇಪಿಸಿ, ಅದನ್ನು ನಡಾವಳಿಯಲ್ಲಿ ಬರೆಸಿ, ಎದ್ದು ಹೊರಡಿ. ಬಾಯಿಮುಚ್ಚಿ ಕೂತಿದ್ದೆ ಎಂದರೆ ತನಿಖಾಧಿಕಾರಿ ಒಪ್ಪುವುದಿಲ್ಲ.

ಫೋಟೊದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಉದ್ಯಮದ ಹಣೆಬರಹ ಬರೆಯುವುದು ಹೆಚ್ಚಾಗಿ ಕರಡು ನಿಯಮದ ಒಂದೆರಡು ಸಾಲುಗಳು. ತಾಂತ್ರಿಕ ನಿಯಮದ, ಅಂದರೆ ಸರಕು ಹೀಗೇ ಇರಬೇಕೆಂದು ಕಡ್ಡಾಯ ಮಾಡುವ ನಿಯಮದ, ಕರಡಿಗೆ ಅಭಿಪ್ರಾಯ ಹೇಳಲು ಕನಿಷ್ಠ 60 ದಿನ ಕೊಡಿ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಶಿಫಾರಸು ಮಾಡಿದೆ. ಕರಡು ಸದಸ್ಯರ ಕೈ ಸೇರುವುದರಲ್ಲೇ ಮೂರು ವಾರ ಕಳೆದರೆ ಪರೀಕ್ಷಾ ವರದಿ ತರಿಸುವುದು ಯಾವಾಗ?

ಅಂತರರಾಷ್ಟ್ರೀಯ ಮಾನಕಗಳನ್ನು ರೂಪಿಸುವ ಸಂಸ್ಥೆ ಐಎಸ್‌ಒ ಬಳಸುವ ಆಕ್ಷೇಪಣೆಯ ನಮೂನೆ ನೋಡಿ: ಸಾಲು, ವಿಧಿ ಸಂಖ್ಯೆ, ಆಕ್ಷೇಪಣೆ ಸಾಮಾನ್ಯವೋ ತಾಂತ್ರಿಕವೋ ಬರೀ ಭಾಷೆಯದೋ, ವಿವರಣೆ, ಆಮೇಲೆ ಸೂಚಿಸುವ ತಿದ್ದುಪಡಿ. ಎಡವುವುದು ಈ ತಿದ್ದುಪಡಿಯ ಅಂಕಣದಲ್ಲಿ. ಅದನ್ನು ಖಾಲಿ ಬಿಟ್ಟು “ಉದ್ಯಮಕ್ಕೆ ತೀವ್ರ ಹೊರೆ” ಎಂದಷ್ಟೇ ಗೀಚಿದರೆ ಸಮಿತಿ ಏನನ್ನು ತಿದ್ದಬೇಕು? “ಆರು ತಿಂಗಳು ಎಂಬಲ್ಲಿ ಹದಿನೆಂಟು ಎಂದಾಗಲಿ: ಹೊಸ ಅಚ್ಚಿಗೆ ಒಂಬತ್ತು, ಪರೀಕ್ಷೆಗೆ ಐದು, ಹಳೇ ದಾಸ್ತಾನು ಖಾಲಿಯಾಗಲು ನಾಲ್ಕು” ಎಂದು ಲೆಕ್ಕ ಇಟ್ಟರೆ ತಳ್ಳಿಹಾಕುವವರೂ ಕಾರಣ ಹುಡುಕಬೇಕಾಗುತ್ತದೆ. ಇಂಥ ಅಂಕಿ ಸದಸ್ಯರಿಂದ ಬರಬೇಕು. ಆದರೆ ಪ್ರತಿಸ್ಪರ್ಧಿ ನೋಡುತ್ತಾನೆಂದು ಅವರು ಕೊಡುವುದಿಲ್ಲ. ಹೊರಗಿನ ಲೆಕ್ಕಪರಿಶೋಧಕರಿಂದ ಸಂಗ್ರಹಿಸಿ, ಒಟ್ಟು ಮೊತ್ತವನ್ನಷ್ಟೇ ಸಂಘಕ್ಕೆ ಕೊಡಿಸಿ.

ಅಡ್ಡದಾರಿಯೂ ಉಂಟು. 1980ರಲ್ಲಿ ಅಮೆರಿಕದ ವಿದ್ಯುತ್ ಸಂಹಿತೆಗೆ ಪ್ಲಾಸ್ಟಿಕ್ ವೈರಿಂಗ್ ಪೈಪನ್ನು ಸೇರಿಸುವ ಪ್ರಸ್ತಾಪ ಬಂದಾಗ, ಉಕ್ಕಿನ ಪೈಪಿನವರು 230 ಮಂದಿಗೆ ಆ ಸಂಹಿತೆ ರೂಪಿಸುವ ಸಂಸ್ಥೆಯ ಹೊಸ ಸದಸ್ಯತ್ವ ಕೊಡಿಸಿ ಮತದಾನದ ಸಭೆಗೆ ತಂದು ಕೂರಿಸಿದರು. ಪ್ರಸ್ತಾಪ ಬಿದ್ದದ್ದು 394–390 ಮತಗಳಲ್ಲಿ! ಇದಕ್ಕೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿ ಸಿಗದು ಎಂದು 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಸದಸ್ಯರಲ್ಲೇ ಒಡಕಿದ್ದರೆ, ಅಂದರೆ ದೊಡ್ಡವರಿಗೆ ಬೇಕಾದ ನಿಯಮ ಸಣ್ಣವರಿಗೆ ಕಂಟಕವಾದರೆ, ಸಂಘ ಸಾಮಾನ್ಯವಾಗಿ ಜಾಣಮೌನ ತಾಳುತ್ತದೆ. ಆಗ ಕಾಯಬೇಡಿ. ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟ ಕರಡಿಗೆ ಒಂಟಿ ಕಾರ್ಖಾನೆಯೂ ಬರೆಯಬಹುದು. ನಿಮ್ಮದೇ ಲೆಟರ್‌ಹೆಡ್‌ನಲ್ಲಿ ವಿಧಿ ಸಂಖ್ಯೆ, ಲೆಕ್ಕ, ಬದಲಿ ವಾಕ್ಯ ಮೂರನ್ನೂ ಹಾಕಿ ಗಡುವಿನೊಳಗೆ ಕಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

– ಸಂ.