ಪೆನ್ ಡ್ರೈವ್‌ಗೆ ಚೀಟಿ ಅಂಟಿಸುವ ಮುಂಚೆ ಮುಚ್ಚಳ ತೆಗೆದಿಡಿ

23 ಪೆನ್ ಡ್ರೈವ್ ಇವೆ, ಎಲ್ಲ ಒಂದೇ ಡಬ್ಬಿಯಲ್ಲಿ, ಯಾವುದರಲ್ಲಿ ಏನಿದೆ ಗೊತ್ತಾಗಲ್ಲ, ಬಣ್ಣದ ಸ್ಟಿಕ್ಕರ್ ಹಚ್ಚಲಾ, ಲೇಬಲ್ ಪ್ರಿಂಟರ್ ತಗೊಳ್ಳಲಾ, ಎಂಥ ಡಬ್ಬಿ ಒಳ್ಳೆಯದು ಅಂತ ಕೇಳಿದ್ದೀರಿ. ಓದುತ್ತಾ ನನ್ನ ಹೊಟ್ಟೆ ಸ್ವಲ್ಪ ತೊಳಸಿತು. ಆರು ವರ್ಷದ ಹಿಂದೆ ನನ್ನ ಮೇಜಿನ ಡ್ರಾಯರ್ ಹೀಗೇ ಇತ್ತು. ಒಂದೇ ವ್ಯತ್ಯಾಸ, ನನ್ನ ಡ್ರೈವ್‌ಗಳಿಗೆ ಚೀಟಿ ಇತ್ತು. ಆ ಚೀಟಿಯನ್ನು ನಂಬಿಯೇ ನಾನು ಕೆಟ್ಟಿದ್ದು.

ನನ್ನ ಅಕ್ಕ ಕಪ್ಪೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಎರಡು ಮಳೆಗಾಲ ರಾತ್ರಿ ಹೊತ್ತು ಟಾರ್ಚ್ ಹಿಡಿದು ಹೊಂಡದಿಂದ ಹೊಂಡಕ್ಕೆ ಹೋಗಿ ಕಪ್ಪೆಗಳ ಕೂಗು ರೆಕಾರ್ಡ್ ಮಾಡಿಕೊಂಡಿದ್ದಳು. ಒಟ್ಟು 412 ರೆಕಾರ್ಡಿಂಗ್. ಒಂದೊಂದೂ ಹತ್ತು ನಿಮಿಷ, ಒಂದೊಂದೂ 53 ಎಂಬಿ ಹತ್ತಿರ. ಎಲ್ಲ ಸೇರಿ 22 ಜಿಬಿಗೆ ಸ್ವಲ್ಪ ಕಡಿಮೆ. ಅವಳ ಲ್ಯಾಪ್‌ಟಾಪ್ ಕೆಟ್ಟು ರಿಪೇರಿಗೆ ಹೋಗುವಾಗ ಎಲ್ಲವನ್ನೂ ಒಂದು 32 ಜಿಬಿ ಪೆನ್ ಡ್ರೈವ್‌ಗೆ ಹಾಕಿ ನನ್ನ ಕೈಗೆ ಕೊಟ್ಟಳು. "ನೀನೇ ಇಟ್ಕೊಳೋ, ನಾನಾದ್ರೆ ಎಲ್ಲಾದ್ರೂ ಕಳೀತೀನಿ" ಅಂದಳು. ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ಅಂತ ನನಗೆ ಹೆಸರಿತ್ತು ನೋಡಿ. ಲ್ಯಾಪ್‌ಟಾಪ್‌ನ ಡಿಸ್ಕ್ ಬದಲಾಯಿಸಿ ವಾಪಸ್ ಕೊಟ್ಟರು. ಹಳೇ ಡಿಸ್ಕ್ ಹೋಯಿತು. ಅಂದರೆ ಆ ದಿನದಿಂದ ಜಗತ್ತಿನಲ್ಲಿ ಆ ಕಪ್ಪೆಗಳು ಇದ್ದದ್ದು ನನ್ನ ಡ್ರಾಯರಿನಲ್ಲಿ ಮಾತ್ರ. ಇದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಆ ಡ್ರೈವ್ ಜೋಡಿಯಾಗಿ ಬಂದದ್ದು. ಅಣ್ಣ ತಮ್ಮನ ಹಾಗೆ ಎರಡು, ಒಂದೇ ಕಂಪನಿ, ಒಂದೇ ಕಪ್ಪು ಬಣ್ಣ, ಎರಡೂ 32 ಜಿಬಿ. ನಾನು ಶಿಸ್ತಿನ ಮನುಷ್ಯ, ಅವತ್ತೇ ಚೀಟಿ ಅಂಟಿಸಿದೆ. ಒಂದಕ್ಕೆ "ಅಕ್ಕ – ಕಪ್ಪೆ", ಇನ್ನೊಂದಕ್ಕೆ "ಖಾಲಿ".

ಎಲ್ಲಿ ಅಂಟಿಸಿದೆ? ಮುಚ್ಚಳದ ಮೇಲೆ.

ಯಾಕೆ ಮುಚ್ಚಳದ ಮೇಲೆ ಅಂತ ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕಾರಣ ಇತ್ತು, ದಡ್ಡ ಕಾರಣವೇನಲ್ಲ. ಡ್ರೈವ್‌ನ ಮೈ ಸಣ್ಣದು, ಅಂಚು ದುಂಡಗೆ. ಚೀಟಿ ಅಂಟಿಸಿದರೆ ಮೂಲೆ ಏಳುತ್ತಿತ್ತು. ಮುಚ್ಚಳ ಚಪ್ಪಟೆ, ಚೀಟಿ ನೀಟಾಗಿ ಕೂತಿತು. ಡ್ರಾಯರ್ ತೆಗೆದರೆ ಮೊದಲು ಕಾಣುವುದೂ ಅದೇ. ಆದರೆ ಮುಚ್ಚಳ ಡ್ರೈವ್ ಅಲ್ಲ. ಒಂದೇ ಜಾತಿಯ ಎರಡು ಡ್ರೈವ್ ಇದ್ದರೆ ಯಾವ ಮುಚ್ಚಳವೂ ಯಾವುದಕ್ಕೆ ಬೇಕಾದರೂ ಸಲೀಸಾಗಿ ಕೂರುತ್ತದೆ, "ಟಕ್" ಅಂತ ಸದ್ದು ಕೂಡ ಮಾಡುತ್ತದೆ. ಪಾತ್ರೆಯ ಹೆಸರನ್ನು ಪಾತ್ರೆ ಬಿಟ್ಟು ತಟ್ಟೆಯ ಮೇಲೆ ಬರೆದ ಹಾಗೆ. ಯಾವತ್ತೋ ಒಂದು ಸಂಜೆ ಎರಡೂ ಡ್ರೈವ್ ಮೇಜಿನ ಮೇಲೆ ಮುಚ್ಚಳ ಬಿಚ್ಚಿಕೊಂಡು ಬಿದ್ದಿದ್ದವು. ಫೋನಿನಲ್ಲಿ ಮಾತಾಡುತ್ತಾ ನಾನೇ ಎರಡನ್ನೂ ಮುಚ್ಚಿ ಒಳಗಿಟ್ಟೆ. ಅದಲು ಬದಲಾದದ್ದು ಆಗಲೇ ಇರಬೇಕು.

ಆಮೇಲೆ ಒಬ್ಬ ಗೆಳೆಯನ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಬಳಸುವ ಲಿನಕ್ಸ್ ಹಾಕಿಕೊಡಬೇಕಾಯಿತು. ಡ್ರಾಯರ್ ತೆಗೆದೆ, "ಖಾಲಿ" ಸಿಕ್ಕಿತು, ಮುಚ್ಚಳ ಕಿತ್ತೆ, ಸಿಕ್ಕಿಸಿದೆ. "ಟೊಂಯ್" ಅಂತು. ಲಿನಕ್ಸ್ ಹಾಕೋಕೆ ಬೇಕಾದ್ದೆಲ್ಲ ಒಂದೇ ದೊಡ್ಡ ಫೈಲಿನಲ್ಲಿರುತ್ತದೆ, ಅದಕ್ಕೆ ಐಎಸ್‌ಒ ಅಂತಾರೆ. ಅದನ್ನು ಪೆನ್ ಡ್ರೈವ್‌ಗೆ ಬರೆಯುವ ಟೂಲ್‌ನ ಪಟ್ಟಿಯಲ್ಲಿ ಒಂದೇ ಸಾಲು: ಹೆಸರಿಲ್ಲ, ಇ ಡ್ರೈವ್, 32 ಜಿಬಿ. ಎರಡಕ್ಕೂ ನಾನು ಒಳಗೆ ಹೆಸರು ಕೊಟ್ಟಿರಲಿಲ್ಲ, ಯಾವುದನ್ನು ಹಾಕಿದ್ದರೂ ಇದೇ ಸಾಲು ಬರುತ್ತಿತ್ತು. ಇದರಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಲಾ ಅಂತ ಅದು ಕೇಳಿತು ಕೂಡ. ಖಾಲಿ ಡ್ರೈವ್‌ನಲ್ಲಿ ಅಳಿಸುವುದಕ್ಕೆ ಏನಿದೆ? ಓಕೆ ಒತ್ತಿದೆ. ಆರೇಳು ನಿಮಿಷ ಹಸಿರು ಪಟ್ಟಿ ನಿಧಾನವಾಗಿ ಬಲಕ್ಕೆ ಜರುಗಿತು. ನಾನು ಆರಾಮಾಗಿ ನೋಡುತ್ತಾ ಕೂತಿದ್ದೆ.

ಇಲ್ಲಿ ಇನ್ನೊಂದು ತಪ್ಪಿದೆ, ಮುಚ್ಚಳಕ್ಕಿಂತ ದೊಡ್ಡದು. "ಖಾಲಿ" ಅಂತ ಬರೆದದ್ದು. ಖಾಲಿ ಅನ್ನುವುದು ಡ್ರೈವ್‌ನ ಹೆಸರಲ್ಲ, ಅವತ್ತಿನ ಅದರ ಸ್ಥಿತಿ. ನಾಳೆ ಅದರೊಳಗೆ ಒಂದು ಫೈಲ್ ಬಿದ್ದರೂ ಚೀಟಿ ಸುಳ್ಳಾಗುತ್ತದೆ, ಆದರೆ ಚೀಟಿಗೆ ಅದು ಗೊತ್ತಾಗಲ್ಲ. "ಹೊಸದು", "ಬ್ಯಾಕಪ್", "ಫೋಟೋ – ಈ ವರ್ಷ", ಎಲ್ಲವೂ ಇದೇ ಜಾತಿ. "ಈ ವರ್ಷ" ಅಂತ ಬರೆದ ಒಂದು ಡ್ರೈವ್ ನನ್ನ ಹತ್ತಿರ ಇತ್ತು, ಅದು ಯಾವ ವರ್ಷ ಅಂತ ದೇವರೇ ಬಲ್ಲ. ಚೀಟಿಯೇ ಇಲ್ಲದಿದ್ದರೆ ಸಿಕ್ಕಿಸಿ ಒಳಗೆ ನೋಡುತ್ತಿದ್ದೆ. ಚೀಟಿ ಇದ್ದದ್ದರಿಂದ ನೋಡಲಿಲ್ಲ.

ಮೂರು ವಾರ ಬಿಟ್ಟು ಅಕ್ಕ ಬಂದಳು. "ಅಕ್ಕ – ಕಪ್ಪೆ" ಮುಚ್ಚಳದ ಡ್ರೈವ್ ತೆಗೆದು ಹೆಮ್ಮೆಯಿಂದ ಕೊಟ್ಟೆ. ಸಿಕ್ಕಿಸಿದಳು. "ಲೋ, ಇದ್ರಲ್ಲಿ ಏನೂ ಇಲ್ವಲ್ಲೋ" ಅಂದಳು. ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಕಾಲು ತಣ್ಣಗಾಯಿತು.

ನಿಮಗೂ ಹೀಗೆ ಆದರೆ ಉಪಯೋಗಕ್ಕೆ ಬರಲಿ ಅಂತ ಒಂದಿಷ್ಟು ಹೇಳುತ್ತೇನೆ. ಐಎಸ್‌ಒ ಬರೆದರೆ ಅದು ಡ್ರೈವ್‌ನ ಮೊದಲ ಬಿಟ್‌ನಿಂದ ಶುರುಮಾಡಿ ತನ್ನ ಗಾತ್ರದಷ್ಟು ಜಾಗವನ್ನು ತುಳಿಯುತ್ತದೆ. ಉಳಿದ ಜಾಗದಲ್ಲಿ ಹಳೆಯದು ಹಾಗೇ ಕೂತಿರುತ್ತದೆ. ನನ್ನದು 3 ಜಿಬಿ ಐಎಸ್‌ಒ, ಮೊದಲ ಐವತ್ತೇಳು ರೆಕಾರ್ಡಿಂಗ್ ಅಲ್ಲೇ ಸತ್ತವು. ತೊಂದರೆ ಏನಂದರೆ ಯಾವ ಫೈಲಿನ ಹೆಸರೇನು, ಎಲ್ಲಿದೆ ಅನ್ನುವ ಪಟ್ಟಿಯೂ ಫ್ಯಾಟ್32 (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಪದ್ಧತಿ) ಡ್ರೈವ್‌ನಲ್ಲಿ ಶುರುವಿನಲ್ಲೇ ಇರುತ್ತದೆ. ಅದೂ ಹೋಯಿತು. ಪುಣ್ಯಕ್ಕೆ ಆಮೇಲೆ ಅದರ ಮೇಲೆ ಏನೂ ಬರೆದಿರಲಿಲ್ಲ. ಹೀಗೆ ಆದ ತಕ್ಷಣ ಡ್ರೈವ್ ಕಿತ್ತಿಡಿ, ಒಂದೇ ಒಂದು ಫೈಲ್ ಕೂಡ ಅದಕ್ಕೆ ಹಾಕಬೇಡಿ. ಫೋಟೋರೆಕ್ ಅಂತ ಒಂದು ಉಚಿತ ಟೂಲ್ ಇದೆ. ಹೆಸರಿನಲ್ಲಿ ಫೋಟೋ ಇದ್ದರೂ ನೂರಾರು ಥರದ ಫೈಲನ್ನು ಹುಡುಕುತ್ತದೆ. ಫೈಲಿನ ಪಟ್ಟಿ ಇಲ್ಲದಿದ್ದರೂ ಅದಕ್ಕೆ ಪರವಾಗಿಲ್ಲ, ಒಂದೊಂದು ಜಾತಿಯ ಫೈಲೂ ಹೇಗೆ ಶುರುವಾಗುತ್ತದೆ ಅನ್ನುವ ಗುರುತು ಹಿಡಿದು ಕೆದಕುತ್ತದೆ. ಒಂದು ರಾತ್ರಿ ಓಡಿಸಿದೆ. 338 ರೆಕಾರ್ಡಿಂಗ್ ವಾಪಸ್ ಬಂದವು.

ಬಂದವು, ಆದರೆ ಹೆಸರಿಲ್ಲದೆ. ಎಫ್ ಅಕ್ಷರ, ಅದರ ಮುಂದೆ ಒಂದು ಉದ್ದ ಸಂಖ್ಯೆ. ಎಲ್ಲವೂ ಹಾಗೇ. ಅಕ್ಕ ಫೈಲಿನ ಹೆಸರಿನಲ್ಲೇ ತಾರೀಖು, ಹೊಂಡದ ಸಂಖ್ಯೆ, ಗಂಟೆ ಎಲ್ಲ ಬರೆದಿಟ್ಟಿದ್ದಳು. ಅವಳ ರೆಕಾರ್ಡರ್ ಫೈಲಿನೊಳಗೆ ತಾರೀಖು ಹಾಕುತ್ತಿರಲಿಲ್ಲ. ಯಾವ ಹೊಂಡ, ಯಾವ ರಾತ್ರಿ ಅಂತ ಗೊತ್ತಿಲ್ಲದ ಕಪ್ಪೆ ಕೂಗು ಸಂಶೋಧನೆಗೆ ಬರುವುದಿಲ್ಲ, ಸುಮ್ನೆ ಕೇಳಬಹುದು ಅಷ್ಟೇ.

ಅದರಲ್ಲಿ 96 ಮಾತ್ರ ಉಳಿದವು. ಹೇಗೆ ಗೊತ್ತಾ? ಎರಡನೇ ಮಳೆಗಾಲದ ನಡುವೆ ಯಾರೋ ಹೇಳಿಕೊಟ್ಟರಂತೆ, ರೆಕಾರ್ಡ್ ಶುರುಮಾಡಿದ ಕೂಡಲೇ ಮೈಕಿಗೆ ಬಾಯಿಂದ ಹೇಳಿಬಿಡು ಅಂತ. ಹಾಗಾಗಿ ಆ 96 ಫೈಲಿನ ಮೊದಲಿಗೆ ಅಕ್ಕನ ದನಿ ಇತ್ತು, ಪಿಸುಮಾತಿನಲ್ಲಿ: "ಮೂರನೇ ಹೊಂಡ, ಹದಿನೇಳನೇ ತಾರೀಖು, ರಾತ್ರಿ ಒಂಬತ್ತೂವರೆ, ತುಂತುರು ಮಳೆ." ಆಮೇಲೆ ಕಪ್ಪೆ. ಹೆಸರು ವಸ್ತುವಿನ ಒಳಗೇ ಇದ್ದರೆ ಹೊರಗಿನ ಚೀಟಿ, ಮುಚ್ಚಳ, ಫೈಲಿನ ಪಟ್ಟಿ ಏನು ಹೋದರೂ ಅದು ಉಳಿಯುತ್ತದೆ ಅಂತ ನನಗೆ ಅವತ್ತು ತಿಳಿಯಿತು. ಮಿಕ್ಕವನ್ನು ಅಕ್ಕ ಹೆಡ್‌ಫೋನ್ ಹಾಕಿಕೊಂಡು ತಿಂಗಳುಗಟ್ಟಲೆ ಕೇಳಿದಳು. ಹಿಂದೆ ಪಂಪ್‌ಸೆಟ್ ಗುಂಯ್ ಅಂದರೆ ಎರಡನೇ ಹೊಂಡ, ನಾಯಿ ಬೊಗಳಿದರೆ ಐದನೆಯದು. ಹೀಗೆ ಇನ್ನೂ ನಲವತ್ತು ಹೊಂದಿಸಿದಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ 23ಕ್ಕೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಲೇಬಲ್ ಬೇಕಾಗಿಲ್ಲ. ನಿಮಗೆ ಬೇಕಾಗಿರುವುದು 23 ಪೆನ್ ಡ್ರೈವ್ ಇಲ್ಲದಿರುವುದು. ಒಂದೊಂದಾಗಿ ಸಿಕ್ಕಿಸಿ, ಇದರಲ್ಲಿರುವುದು ಬೇರೆ ಎಲ್ಲಾದರೂ ಇದೆಯಾ ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ಮೊದಲು ಅದನ್ನು ಎರಡು ಕಡೆ ಕಾಪಿ ಮಾಡಿ, ಆಮೇಲೆ ಚೀಟಿಯ ಮಾತು. ಪೆನ್ ಡ್ರೈವ್ ಒಳಗೆ ಮಾಹಿತಿ ಉಳಿಯುವುದು ಸಣ್ಣ ಸಣ್ಣ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ತಿನಿಂದ. ಸುಮ್ಮನೆ ಡಬ್ಬಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಅದು ನಿಧಾನವಾಗಿ ಸೋರುತ್ತದೆ. ತುಂಬ ಬಳಸಿ ಸವೆದದ್ದಾದರೆ, ಬಿಸಿಯಲ್ಲಿ ಇಟ್ಟಿದ್ದರೆ ಇನ್ನೂ ಬೇಗ. ಅದರ ಮೇಲೆ ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ ಸತ್ತರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಕಾಪಾಡಿ ಇಡಬೇಕಾದ್ದನ್ನು ಇಡುವ ಜಾಗ ಅದಲ್ಲ.

ಹೀಗೆ ಒಳಗಿನದನ್ನು ಬೇರೆ ಕಡೆ ಇಟ್ಟು, ಬೇಡವಾದ ಡ್ರೈವ್‌ಗಳನ್ನು ತೆಗೆದುಹಾಕಿದರೆ ನಿಮಗೆ ಐದಾರು ಉಳಿಯುತ್ತವೆ. ನನ್ನ ಹತ್ತಿರ ಈಗ ಐದೇ ಇವೆ. ಅವಕ್ಕೆ ನಾನು ಮಾಡಿದ್ದು ಇಷ್ಟು. ಡ್ರೈವ್‌ನ ಮೈ ಮೇಲೆ ಬರೀ ಸಂಖ್ಯೆ, 01, 02, 03. ಒಳಗೆ ಏನಿದೆ ಅಂತ ಬರೆಯಲ್ಲ. ಪ್ಲಾಸ್ಟಿಕ್ ಆದರೆ ಪೇಂಟ್ ಮಾರ್ಕರ್, ಲೋಹದ್ದಾದರೆ ದಬ್ಬಳದಿಂದ ಗೀರಿ. ಕಾಗದದ ಚೀಟಿ ಬೇಡವೇ ಬೇಡ. ಕೆಲಸ ಮಾಡುವಾಗ ಡ್ರೈವ್ ಬಿಸಿಯಾಗುತ್ತದೆ, ಗೋಂದು ಜಾರುತ್ತದೆ, ಆಮೇಲೆ ಚೀಟಿಯ ಮೇಲೆ ಧೂಳಿನ ಕಪ್ಪು ಗೆರೆ ಬಿಟ್ಟರೆ ಏನೂ ಕಾಣಲ್ಲ. ಲೇಬಲ್ ಪ್ರಿಂಟರ್ ಐದು ಸಂಖ್ಯೆ ಬರೆಯೋದಕ್ಕೆ ಜಾಸ್ತಿ ಆಯಿತು.

ಅದೇ ಸಂಖ್ಯೆಯನ್ನು ಒಳಗೂ ಕೊಡಿ. ಡ್ರೈವ್ ಸಿಕ್ಕಿಸಿ, ಅದರ ಮೇಲೆ ರೈಟ್ ಕ್ಲಿಕ್, ರೀನೇಮ್, ಪಿಡಿ01 ಅಂತ ಇಂಗ್ಲಿಷ್ ಅಕ್ಷರದಲ್ಲಿ. ನನ್ನ ಟೂಲ್‌ನ ಪಟ್ಟಿಯಲ್ಲಿ ಅವತ್ತು ಈ ನಾಲ್ಕು ಅಕ್ಷರ ಇದ್ದಿದ್ದರೆ ಈ ಉತ್ತರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಇ, ಎಫ್, ಜಿ ಅನ್ನುವ ಡ್ರೈವ್ ಅಕ್ಷರ ನಂಬಬೇಡಿ, ಅದು ಇವತ್ತು ಒಂದು, ನಾಳೆ ಇನ್ನೊಂದು. ಗಾತ್ರವನ್ನೂ ನಂಬಬೇಡಿ. 32 ಜಿಬಿಯದು ವಿಂಡೋಸ್‌ನಲ್ಲಿ 29 ಚಿಲ್ಲರೆ ತೋರಿಸುತ್ತದೆ, ಎಲ್ಲ 32ಗಳೂ ಹೆಚ್ಚುಕಮ್ಮಿ ಹಾಗೇ. ಹೆಸರು ಉದ್ದ ಕೊಡೋಕೆ ಹೋಗಬೇಡಿ. ಫ್ಯಾಟ್32ರಲ್ಲಿ 11 ಅಕ್ಷರ ಮಾತ್ರ, ಅದರಲ್ಲಿ ಕನ್ನಡ ಕೂರಲ್ಲ. ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ಪದ್ಧತಿಯಲ್ಲಿ ಕನ್ನಡ ಕೂರುತ್ತದೆ, ಆದರೆ ಅಲ್ಲೂ ಹನ್ನೊಂದೇ ಸ್ಥಾನ. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. "ಅಕ್ಕ" ಅನ್ನುವ ಎರಡಕ್ಷರಕ್ಕೇ ನಾಲ್ಕು ಸ್ಥಾನ ಹೋಗುತ್ತದೆ. ಎನ್‌ಟಿಎಫ್‌ಎಸ್ ಅನ್ನುವ ಮೂರನೇ ಪದ್ಧತಿ ಆದರೆ 32 ಅಕ್ಷರದ ತನಕ ಜಾಗ ಇದೆ, ಆದರೂ ಸಂಖ್ಯೆಯೇ ಸಾಕು.

ಒಳಗೆ ಏನಿದೆ ಅನ್ನುವುದು ಒಂದು ನೋಟ್‌ಬುಕ್‌ನಲ್ಲಿರಲಿ, ಅಥವಾ ಫೋನಿನ ನೋಟ್ಸ್‌ನಲ್ಲಿ. 03 – ಲಿನಕ್ಸ್ ಬೂಟ್. 04 – ಬೇರೆಯವರ ಕಂಪ್ಯೂಟರಿಗೆ ಹಾಕುವುದು, ಪ್ರತಿ ಸಲ ವಾಪಸ್ ಬಂದ ಮೇಲೆ ಫಾರ್ಮ್ಯಾಟ್. ಬದಲಾದಾಗ ಸಾಲು ಹೊಡೆದು ಹೊಸದು ಬರೆಯಿರಿ. ಡ್ರೈವ್ ಒಳಗೂ ಒಂದು ಪುಟ್ಟ ಟೆಕ್ಸ್ಟ್ ಫೈಲ್ ಇಡಿ, ಇದು ಯಾರದು, ಎಷ್ಟನೆಯದು, ಸಿಕ್ಕಿದರೆ ಯಾರಿಗೆ ಹೇಳಬೇಕು ಅಂತ. ಅಕ್ಕ ಮೈಕಿಗೆ ಪಿಸುಗುಟ್ಟಿದಳಲ್ಲ, ಹಾಗೆ.

ಬಣ್ಣದ ಸ್ಟಿಕ್ಕರ್ ಬಗ್ಗೆ ಕೇಳಿದಿರಿ. ನಾನೂ ಮಾಡಿದ್ದೆ. ಹಸಿರು ಅಂದರೆ ಆಫೀಸು ಅಂದುಕೊಂಡಿದ್ದೆ, ಆರು ತಿಂಗಳಿಗೆ ಹಸಿರು ಅಂದರೆ ಏನು ಅಂತಲೇ ಮರೆತೆ. ಹೊರಗೆ ಒಳಗಿನ ವಿಷಯ ಬರೆಯಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. 2016ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಬೇಕಂತಲೇ ಬೀಳಿಸಿದ 297 ಪೆನ್ ಡ್ರೈವ್‌ಗಳ ಅಧ್ಯಯನ ಪ್ರಕಟವಾಯಿತು. ಕನಿಷ್ಠ 45 ಪರ್ಸೆಂಟನ್ನು ಯಾರೋ ಎತ್ತಿಕೊಂಡು ಹೋಗಿ ಸಿಕ್ಕಿಸಿ ಫೈಲ್ ತೆರೆದಿದ್ದರು. ಬಿದ್ದು ಸಿಕ್ಕಿದ್ದನ್ನು ಜನ ನೋಡೇ ನೋಡುತ್ತಾರೆ. "ಬ್ಯಾಂಕ್ ಪೇಪರ್ಸ್" ಅಂತ ಬೇರೆ ಮೇಲೆ ಬರೆದಿದ್ದರೆ ಕೇಳಬೇಕಾ?

ಡಬ್ಬಿ ಯಾವುದಾದರೂ ಪರವಾಗಿಲ್ಲ, ನೀರು ಹೋಗದಿದ್ದರೆ ಸಾಕು. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಆ 23ರಲ್ಲಿ ಖಾಲಿ ಇರಬೇಕು ಅಂತ ನೀವು ಅಂದುಕೊಂಡಿರುವುದು ಒಂದೆರಡು ಇದ್ದೇ ಇರುತ್ತವೆ ಅಲ್ವಾ, ಮೊದಲು ಅವನ್ನು ಸಿಕ್ಕಿಸಿ ನೋಡಿ. ಏನು ಸಿಕ್ಕಿತು ಅಂತ ನನಗೂ ತಿಳಿಸಿ.